ಬೆಂಗಳೂರು ಸಮುದ್ರಕ್ಕೆ ಬಿದ್ದದ್ದು ಹೇಗೆ?

ಕಂಪ್ಯೂಟರ್ ತೆರೆಯ ಮೇಲೆ ಭೂಪಟ ತೋರಿಸುವ ಪುಟವನ್ನು ತಾವೇ ಬರೆದು ನೋಡುವ ವಿದ್ಯಾರ್ಥಿಗಳಿಗೆ ಒಂದು ವಿಚಿತ್ರ ಅನುಭವವಾಗುವುದುಂಟು. ಬೆಂಗಳೂರಿನ ರೇಖಾಂಶ 77.59, ಅಕ್ಷಾಂಶ 12.97 ಎಂದು ಸರಿಯಾಗಿಯೇ ಕೊಟ್ಟಿರುತ್ತಾರೆ. ಚುಕ್ಕೆ ಮಾತ್ರ ಆಫ್ರಿಕಾದ ಪಶ್ಚಿಮ ಕರಾವಳಿಯಾಚೆ, ಗಿನಿ ಕೊಲ್ಲಿಯ ನೀರಿನಲ್ಲಿ ಕುಳಿತಿರುತ್ತದೆ! ಇದು ಪ್ರಕ್ಷೇಪದ ಚೇಷ್ಟೆ.

ಭೂಮಿ ಗುಂಡಗಿದೆ, ಭೂಪಟ ಚಪ್ಪಟೆ. ಕಿತ್ತಳೆಯ ಸಿಪ್ಪೆಯನ್ನು ಹರಿಯದೆ, ಎಳೆಯದೆ ಮೇಜಿನ ಮೇಲೆ ಹಾಸಲು ಸಾಧ್ಯವೆ? ಗೋಳವನ್ನು ಹಾಳೆಗೆ ಇಳಿಸುವ ಗಣಿತವೇ ಪ್ರಕ್ಷೇಪ. 1569ರಲ್ಲಿ ಗೆರಾರ್ಡಸ್ ಮರ್ಕೇಟರ್ ನಾವಿಕರಿಗಾಗಿ ರಚಿಸಿದ ಭೂಪಟದಲ್ಲಿ, ದಿಕ್ಸೂಚಿಯ ಒಂದೇ ಕೋನ ಹಿಡಿದು ಸಾಗುವ ಹಡಗಿನ ದಾರಿ ಸರಳರೇಖೆಯಾಗುತ್ತದೆ. ಆದರೆ ಧ್ರುವಗಳತ್ತ ಹೋದಂತೆ ಎಲ್ಲವೂ ಹಿಗ್ಗುತ್ತದೆ. ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಆಫ್ರಿಕಾ ಅದರ ಸುಮಾರು 14 ಪಟ್ಟು.

2005ರಲ್ಲಿ ಆರಂಭವಾದ ಗೂಗಲ್ ಮ್ಯಾಪ್ಸ್ ಇದರ ಸರಳ ರೂಪವನ್ನೇ ಆರಿಸಿಕೊಂಡಿತು. ಬೀದಿಗಳು ಕೂಡುವ ಕೋನ ಕೆಡುವುದಿಲ್ಲ ಎನ್ನುವುದು ಒಂದು ಅನುಕೂಲ. 85.05 ಡಿಗ್ರಿಯಲ್ಲಿ ಮೇಲೂ ಕೆಳಗೂ ಕತ್ತರಿಸಿದರೆ ಜಗತ್ತು ಅಚ್ಚುಕಟ್ಟಾದ ಚೌಕವಾಗುತ್ತದೆ; ಅದನ್ನು ನಾಲ್ಕು, ಹದಿನಾರು ಎಂದು ತುಂಡು ಮಾಡುತ್ತ ಹೋಗಬಹುದು. ಇದಕ್ಕೆ ಮೊದಲು ಬಳಕೆಗೆ ಬಂದ ಸಂಖ್ಯೆ 900913. ಇಂಗ್ಲಿಷ್ ಅಕ್ಷರಗಳಂತೆ ಓದಿದರೆ ‘ಗೂಗಲ್’ ಎಂದೇ ಕಾಣುವ ತಮಾಷೆ ಅದು! ಈಗಿನ ಅಧಿಕೃತ ಸಂಖ್ಯೆ 3857.

ತೊಡಕಿರುವುದು ಇಲ್ಲೇ. 3857ರ ಅಳತೆ ಮೀಟರುಗಳಲ್ಲಿ. ಉಪಗ್ರಹ ನೆರವಿನ ಜಿ.ಪಿ.ಎಸ್. ಕೊಡುವುದು ಡಿಗ್ರಿಗಳನ್ನು, ಆ ಪದ್ಧತಿಯ ಸಂಖ್ಯೆ 4326. ಪರಿವರ್ತಿಸದೆ ಕೊಟ್ಟರೆ 77.59 ಡಿಗ್ರಿ 77.59 ಮೀಟರ್ ಆಗಿಬಿಡುತ್ತದೆ. ಸಮಭಾಜಕ ವೃತ್ತವೂ ಗ್ರೀನಿಚ್ ರೇಖೆಯೂ ಸೇರುವ ಸೊನ್ನೆ ಬಿಂದುವಿನ ಪಕ್ಕದಲ್ಲೇ ಬೆಂಗಳೂರು ಬೀಳುತ್ತದೆ. ಅದು ಇರಬೇಕಾದದ್ದು ಪೂರ್ವಕ್ಕೆ ಸುಮಾರು 86 ಲಕ್ಷ 37 ಸಾವಿರ, ಉತ್ತರಕ್ಕೆ 14 ಲಕ್ಷ 56 ಸಾವಿರ ಮೀಟರ್ ಆಚೆ. ‘ಓಪನ್ ಲೇಯರ್ಸ್’ ಬಳಸುವವರು ‘ಫ್ರಮ್ ಲಾನ್ ಲ್ಯಾಟ್’ ಎಂಬ ಸಿದ್ಧ ಆದೇಶದಿಂದ ಪರಿವರ್ತಿಸಬಹುದು. ‘ಲೀಫ್‌ಲೆಟ್’ ಡಿಗ್ರಿಗಳನ್ನು ತಾನೇ ಪರಿವರ್ತಿಸಿಕೊಳ್ಳುತ್ತದೆ, ಆದರೆ ಅದಕ್ಕೆ ಅಕ್ಷಾಂಶ ಮೊದಲು ಬೇಕು. ಕ್ರಮ ಅದಲುಬದಲಾದರೆ ಬೆಂಗಳೂರು ಆರ್ಕ್ಟಿಕ್‌ನ ಸ್ವಾಲ್‌ಬಾರ್ಡ್ ದ್ವೀಪಗಳ ಬಳಿ ಸಮುದ್ರ ಸೇರುತ್ತದೆ.

ಚುಕ್ಕೆ ತಪ್ಪಿದರೆ ಕಣ್ಣಿಗೆ ಕಾಣುತ್ತದೆ. ಅಳತೆ ತಪ್ಪಿದರೆ ಕಾಣುವುದಿಲ್ಲ. ಹೆಚ್ಚು ಅಪಾಯ ಅದರದೇ. 3857ರ ಮೀಟರುಗಳನ್ನು ನಂಬಿ ದೆಹಲಿಯಲ್ಲಿ 100 ಮೀಟರ್ ಅಗಲದ ಮೈದಾನ ಅಳೆದರೆ ಸುಮಾರು 114 ಬರುತ್ತದೆ, ವಿಸ್ತೀರ್ಣ ಶೇ. 30ರಷ್ಟು ಏರುತ್ತದೆ. ಬೆಂಗಳೂರಿನಲ್ಲಿ ಉದ್ದದ ವ್ಯತ್ಯಾಸ ಶೇ. 3ಕ್ಕೂ ಕಡಿಮೆ. ಹೀಗಾಗಿ ಇಲ್ಲಿ ಪರೀಕ್ಷಿಸಿ ಸರಿ ಎಂದುಕೊಂಡ ಲೆಕ್ಕ ಉತ್ತರದಲ್ಲಿ ಕೈಕೊಡುತ್ತದೆ. ದೂರ, ವಿಸ್ತೀರ್ಣ ಬೇಕಾದಾಗ ಗೋಳದ ಮೇಲೆಯೇ ಲೆಕ್ಕ ಹಾಕುವ ಸೂತ್ರವನ್ನು ಬಳಸಬೇಕು. ತೆರೆಯ ಮೇಲೆ ಬಿಡಿಸಲಷ್ಟೇ 3857 ಸಾಕು.