ನಾಯಿಯ ಕೊರಳೂ ಕೈಯ ಹಗ್ಗವೂ

ಕಂಬಂ ಕಣಿವೆಯಲ್ಲಿ ಉತ್ತಮಪಾಳೆಯಕ್ಕೆ ಸಮೀಪವಾಗಿ ಕೊಂಬೈ ಎಂಬ ಊರಿದೆ. ಕೊಂಬೈ ನಾಯಿಗೆ ಹೆಸರು ಬಂದುದು ಈ ಊರಿನಿಂದಲೇ. ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡಿರುವ ಕಾಪ್ಪಿಲಿಯರ ಮನೆಗಳೂ ಆ ಕಣಿವೆಯಲ್ಲಿರುವುದರಿಂದ ಅಲ್ಲಿಯ ನಾಯಿಯ ವಿಚಾರವನ್ನು ಇಲ್ಲಿ ಎತ್ತಿಕೊಂಡರೆ ವಾಚಕರು ಅನ್ಯವೆಂದು ಭಾವಿಸಲಾರರು. ಕೆಂಗಂದು ಮೈ, ಕಪ್ಪು ಮುಸುಡಿ, ಬಲವಾದ ಎದೆ, ದಪ್ಪ ಕತ್ತು. ಬೇಟೆಗೂ ಕಾವಲಿಗೂ ಸಾಕಿದ ತಳಿಯಿದು.

ಇಂತಹ ನಾಯಿಯನ್ನು ತಿರುಗಾಡಿಸಲು ಹೊರಟವರು ಕೈಗೆ ಸಿಕ್ಕ ಕಣ್ಣಿಗೆ ಜೀರುಗುಣಿಕೆ ಹಾಕಿ ಕೊರಳಿಗೆ ತೊಡಿಸುವುದುಂಟು. ನಮ್ಮ ಶಾಲೆಯ ಬಾಗಿಲಿಗೆ ಬಾಲಕನೊಬ್ಬನು ತನ್ನ ನಾಯಿಯನ್ನು ಹಾಗೆಯೇ ಕರೆತಂದಿದ್ದನು. ಅದು ಜಗ್ಗಿದಷ್ಟೂ ಕುಣಿಕೆ ಬಿಗಿಯುತ್ತಿತ್ತು; ಕೆಮ್ಮುತ್ತ ನಾಲಗೆ ಚಾಚಿತ್ತು. ಬಾಲಕನು ಅದನ್ನು ಹಟವೆಂದೆಣಿಸಿ ಇನ್ನಷ್ಟು ಎಳೆದನು. ಅವನಲ್ಲಿ ಕ್ರೌರ್ಯವಿರಲಿಲ್ಲ, ತಿಳಿವಳಿಕೆಯಿರಲಿಲ್ಲ. ನಾಯಿಯು ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರಿನಿಂದಲೇ ಶರೀರವನ್ನು ತಂಪುಮಾಡಿಕೊಳ್ಳುತ್ತದೆ. ಬಿಸಿಲಿನಲ್ಲಿ ಅದರ ಶ್ವಾಸನಾಳವನ್ನು ಅದುಮಿದರೆ ಉಸಿರಿಗೂ ಕುತ್ತು, ತಂಪಿಗೂ ಕುತ್ತು.

ಜಗ್ಗುವ ನಾಯಿಗೆ ಎದೆಪಟ್ಟಿಯೇ ಲೇಸು. ಆದರೆ ಹಗ್ಗ ಸಿಕ್ಕಿಸುವ ಬಳೆಯು ಬೆನ್ನಿನ ಮೇಲಿದ್ದರೆ ನಾಯಿಯು ಬಂಡಿಯ ಕುದುರೆಯಂತೆ ಎದೆಗೊಟ್ಟು ಇನ್ನೂ ಸುಖವಾಗಿ ಎಳೆಯಬಲ್ಲದು! ಬಳೆ ಎದೆಯ ಮುಂದಿದ್ದರೆ, ಜಗ್ಗಿದಾಗ ಅದರ ಮೈ ತಾನಾಗಿ ಪಕ್ಕಕ್ಕೆ ತಿರುಗುತ್ತದೆ. ಪಟ್ಟಿಯು ಭುಜದ ಸಂದಿಗೆ ಅಡ್ಡವಾಗಿರಬಾರದು, ಕಂಕುಳನ್ನು ಉಜ್ಜಲೂಬಾರದು.

ನಮ್ಮ ಮುಧೋಳದ ಬೇಟೆನಾಯಿಯ ಸಂಗತಿಯೇ ಬೇರೆ. 2005ರಲ್ಲಿ ಅಂಚೆಚೀಟಿಯ ಮೇಲೂ ಕಾಣಿಸಿಕೊಂಡ ಈ ನಾಯಿಗೆ ಕತ್ತು ನೀಳ, ತಲೆ ಕಿರಿದು. ಸಾಮಾನ್ಯವಾದ ಕೊರಳಪಟ್ಟಿಯಿಂದ ಅದು ಹಿಂದಕ್ಕೆ ಸರಿದು ತಲೆಯನ್ನು ಬಿಡಿಸಿಕೊಂಡೀತು. ಮೊಲ ಕಂಡರಂತೂ ಮೋಟಾರು ರಸ್ತೆಯೆಂಬ ಎಚ್ಚರವೂ ಅದಕ್ಕಿರದು. ಎಳೆದಾಗ ಗೊತ್ತಾದ ಮಿತಿಯವರೆಗೆ ಮಾತ್ರ ಬಿಗಿಯುವ, ಅಗಲವಾದ ಮಾರ್ಟಿಂಗೇಲ್ ಪಟ್ಟಿ ಇದಕ್ಕೆ ತಕ್ಕುದು. ನಾಯಿಯನ್ನು ಕಟ್ಟಿಹಾಕಿ ಬಿಡುವಾಗ ಮಾತ್ರ ಇದನ್ನು ತೆಗೆಯತಕ್ಕದ್ದು.

ದಿಂಡಿಗಲ್ಲು ಚರ್ಮ ಹದಮಾಡುವುದಕ್ಕೆ ಹೆಸರಾದ ಊರು. ಚರ್ಮದ ಪಟ್ಟಿ ನೋಟಕ್ಕೂ ಬಾಳಿಕೆಗೂ ಒಳ್ಳೆಯದೇ. ಮಳೆಯಲ್ಲಿ ನೆನೆದರೆ ಬಿಚ್ಚಿ ನೆರಳಿನಲ್ಲಿ ಒಣಗಿಸಬೇಕು, ಇಲ್ಲವಾದರೆ ಕತ್ತಿನ ಚರ್ಮ ಹುಣ್ಣಾದೀತು. ಯಾವ ಪಟ್ಟಿಯಾದರೂ ಅದರಡಿಯಲ್ಲಿ ಎರಡು ಬೆರಳು ಸರಾಗವಾಗಿ ತೂರಬೇಕು. ಮರಿಯು ಬೆಳೆಯುತ್ತಿರುವಾಗ ಈ ಅಳತೆಯನ್ನು ವಾರಕ್ಕೊಮ್ಮೆ ನೋಡಬೇಕು. ಪಟ್ಟಿ ಮಾಂಸದೊಳಗೆ ಹೂತುಹೋದ ಮೇಲೆ ಎಚ್ಚೆತ್ತವರೂ ಇದ್ದಾರೆ.