ಹೊಲದ ಕೆಲಸವೇ ಶಿಬಿರದ ಪಾಠ

ಶಾಲೆಗೆ ರಜೆ ಇರುವ ಏಪ್ರಿಲ್, ಮೇ ತಿಂಗಳಲ್ಲಿ ಮಕ್ಕಳು ಕೆಲವು ದಿನ ತೋಟವೊಂದರಲ್ಲಿ ಕಳೆದು, ಅಲ್ಲಿಯ ಮಣ್ಣು, ದನಕರು, ಗಿಡಮರ, ಹಕ್ಕಿ, ಊಟ, ಆಟಗಳ ಮೂಲಕ ಕಲಿಯುವ ವ್ಯವಸ್ಥೆಯೇ ಕೃಷಿ ತೋಟದ ಬೇಸಿಗೆ ಶಿಬಿರ. ಕೆಲವು ಶಿಬಿರಗಳಿಗೆ ಮಕ್ಕಳು ಬೆಳಿಗ್ಗೆ ಬಂದು ಸಂಜೆ ಮನೆಗೆ ಮರಳುತ್ತಾರೆ. ಇನ್ನು ಕೆಲವುಗಳಲ್ಲಿ ಕೆಲವು ರಾತ್ರಿ ತೋಟದಲ್ಲೇ ಉಳಿಯುತ್ತಾರೆ. ಅಜ್ಜಿಯ ಊರು ಎಂಬುದೇ ಇಲ್ಲದ ನಗರದ ಮಕ್ಕಳ ಸಂಖ್ಯೆ ಹೆಚ್ಚಿದಂತೆಲ್ಲ ಇಂಥ ಶಿಬಿರಗಳ ಅಗತ್ಯವೂ ಹೆಚ್ಚಿದೆ.

ಬೆಂಗಳೂರಿನ ಬಳಿಯ ಹೊಸಕೋಟೆ ತಾಲ್ಲೂಕಿನ ಪಿಲ್ಲಗುಂಪೆಯ ಸುತ್ತಮುತ್ತ ಈ ಅಗತ್ಯವೂ ಅದನ್ನು ಪೂರೈಸುವ ಅನುಕೂಲವೂ ಒಟ್ಟಿಗೇ ಕಾಣುತ್ತವೆ. ಪಿಲ್ಲಗುಂಪೆ ಎಂದರೆ ಇಂದು ಹೆಚ್ಚಿನವರಿಗೆ ನೆನಪಾಗುವುದು ಅಲ್ಲಿಯ ಕೈಗಾರಿಕಾ ಪ್ರದೇಶ. ಆದರೆ ಈ ಸೀಮೆ ಮೂಲತಃ ಕೆಂಪು ಮಣ್ಣಿನ ರಾಗಿ ಸೀಮೆ. ವರ್ಷಪೂರ್ತಿ ಹರಿಯುವ ನದಿಯಿಲ್ಲದ ಇಲ್ಲಿ ಕೆರೆ ಮತ್ತು ಕೊಳವೆ ಬಾವಿಗಳ ನೀರಿನಲ್ಲಿ ತರಕಾರಿ, ಹೂವು, ಹಿಪ್ಪುನೇರಳೆ ಬೆಳೆಯುತ್ತವೆ. ಹೆದ್ದಾರಿ, ಗೋದಾಮು, ಬಡಾವಣೆಗಳಿಗೆ ಹೊಲಗಳು ಸೇರಿಹೋಗುತ್ತಿರುವ ಈ ಹೊತ್ತಿನಲ್ಲಿ, ಉಳಿದಿರುವ ತೋಟಗಳು ಮಕ್ಕಳ ಕಲಿಕೆಗೆ ತೆರೆದುಕೊಳ್ಳುವುದು ಮಕ್ಕಳಿಗೂ ಒಳ್ಳೆಯದು, ತೋಟಗಳಿಗೂ ಒಳ್ಳೆಯದು.

ಹಿನ್ನೆಲೆ

ಮಕ್ಕಳನ್ನು ಶಾಲೆಯ ಗೋಡೆಯಿಂದಾಚೆ ಕರೆದೊಯ್ಯುವ ಶಿಬಿರಗಳಿಗೆ ನೂರೈವತ್ತು ವರ್ಷಕ್ಕೂ ಮೀರಿದ ಚರಿತ್ರೆಯಿದೆ. 1861ರಲ್ಲಿ ಅಮೆರಿಕದ ಕನೆಕ್ಟಿಕಟ್‌ನ ಶಾಲಾ ಮುಖ್ಯಸ್ಥ ಫ್ರೆಡರಿಕ್ ಗನ್ ತಮ್ಮ ವಿದ್ಯಾರ್ಥಿಗಳನ್ನು ನಡೆಸಿಕೊಂಡು ಹೋಗಿ ಕಡಲ ತೀರದಲ್ಲಿ ಬಿಡಾರ ಹೂಡಿದ್ದನ್ನು ಬೇಸಿಗೆ ಶಿಬಿರದ ಮೊದಲ ಮಾದರಿಗಳಲ್ಲಿ ಒಂದೆಂದು ಗುರುತಿಸುತ್ತಾರೆ. ಭಾರತದಲ್ಲಿ ರವೀಂದ್ರನಾಥ ಟ್ಯಾಗೋರರು 1901ರಲ್ಲಿ ಶಾಂತಿನಿಕೇತನದ ಶಾಲೆಯನ್ನು ಮರಗಳ ನೆರಳಿಗೆ ತಂದರು. 1922ರಲ್ಲಿ ಶ್ರೀನಿಕೇತನದ ಮೂಲಕ ಕಲಿಕೆಗೂ ಬೇಸಾಯಕ್ಕೂ ನಂಟು ಬೆಸೆದರು. ಕೈಕೆಲಸವೇ ಶಿಕ್ಷಣದ ಬೇರಾಗಬೇಕೆಂಬ ಗಾಂಧೀಜಿಯವರ ನಯೀ ತಾಲೀಮ್ 1937ರ ವಾರ್ಧಾ ಸಮ್ಮೇಳನದಲ್ಲಿ ರೂಪುಗೊಂಡಿತು.

ಕನ್ನಡನಾಡಿನಲ್ಲಿ ಈ ದಾರಿಯಲ್ಲಿ ಮುಂದೆ ನಡೆದವರು ಕೋಟ ಶಿವರಾಮ ಕಾರಂತರು. ಪುತ್ತೂರಿನ ಬಾಲವನದಲ್ಲಿ ಅವರು ಆಟ, ಕುಣಿತ, ನಾಟಕ, ಪ್ರಕೃತಿ ವೀಕ್ಷಣೆಗಳನ್ನು ಕಲಿಕೆಯ ಭಾಗವಾಗಿಸಿದರು. ಮೈಸೂರಿನ ರಂಗಾಯಣದ ಚಿಣ್ಣರ ಮೇಳ ಬೇಸಿಗೆ ರಜೆಯನ್ನು ರಂಗಭೂಮಿಯೊಂದಿಗೆ ಬೆಸೆಯಿತು. ಮೈಸೂರು ಮೃಗಾಲಯ ಮಕ್ಕಳಿಗೆ ಪ್ರಾಣಿಗಳ ಆರೈಕೆ ತಿಳಿಸುವ ಬೇಸಿಗೆ ಶಿಬಿರ ನಡೆಸುತ್ತ ಬಂದಿದೆ. ಅರಣ್ಯ ಇಲಾಖೆಯ ‘ಚಿಣ್ಣರ ವನದರ್ಶನ’ ಕಾರ್ಯಕ್ರಮ ಶಾಲಾ ಮಕ್ಕಳನ್ನು ಕಾಡಿಗೆ ಕರೆದೊಯ್ಯುತ್ತದೆ.

ತೋಟವೇ ಶಾಲೆಯಾದ ಉದಾಹರಣೆ ಪಿಲ್ಲಗುಂಪೆ ಇರುವ ಜಿಲ್ಲೆಯಲ್ಲೇ ಇದೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಮರೇನಹಳ್ಳಿಯಲ್ಲಿ ಎಲ್. ನಾರಾಯಣ ರೆಡ್ಡಿ ಅವರು ಜಪಾನಿನ ಮಸನೊಬು ಫುಕುವೊಕಾ ಅವರ ಸಹಜ ಕೃಷಿಯಿಂದ ಪ್ರೇರಣೆ ಪಡೆದು, ರಾಸಾಯನಿಕಗಳನ್ನು ಬಿಟ್ಟು ಬೇಸಾಯ ಮಾಡಿದರು. ಅವರ ತೋಟಕ್ಕೆ ರೈತರೂ ವಿದ್ಯಾರ್ಥಿಗಳೂ ಕಲಿಯಲು ಬರುತ್ತಿದ್ದರು. 2019ರ ಜನವರಿಯಲ್ಲಿ ಅವರು ತೀರಿಕೊಂಡರು. ತೋಟದಲ್ಲಿ ನಡೆಯುವ ನಿಜವಾದ ದುಡಿಮೆಯೇ ಅತ್ಯುತ್ತಮ ಪಾಠ ಎಂಬುದನ್ನು ಅವರ ಬದುಕು ತೋರಿಸಿಕೊಟ್ಟಿದೆ.

ಬೇಸಿಗೆಯ ಹೊಲ ಏನು ಕಲಿಸುತ್ತದೆ?

ಒಳ್ಳೆಯ ಶಿಬಿರದ ವೇಳಾಪಟ್ಟಿಯನ್ನು ಬರೆಯುವುದು ಋತುಮಾನ. ಯುಗಾದಿಯ ಹೊತ್ತಿಗೆ ಹೊಂಗೆ ಚಿಗುರುತ್ತದೆ, ಬೇವು ಹೂ ಬಿಡುತ್ತದೆ. ಆಮೇಲೆ ಮಾವು, ಹಲಸು. ಹುಣಸೆ ಬಡಿದು, ಸಿಪ್ಪೆ ಸುಲಿದು, ನಾರು ಮತ್ತು ಬೀಜ ಬಿಡಿಸುವ ಕೆಲಸದಲ್ಲಿ ಮಕ್ಕಳು ಸುಲಭವಾಗಿ ಕೈಜೋಡಿಸಬಹುದು. ಆ ಬೀಜಗಳೇ ಅಳಿಗುಳಿಮಣೆಗೂ ಚೌಕಾಬಾರಕ್ಕೂ ಬೇಕಾದ ಕಾಯಿಗಳು. ಹುಣಸೆಯ ಪಾಠ ಮುಂದುವರಿಸಲು ದೇವನಹಳ್ಳಿ ತಾಲ್ಲೂಕಿನ ನಲ್ಲೂರಿಗೆ ಹೋಗಬಹುದು. ಅಲ್ಲಿಯ ಸುಮಾರು 54 ಎಕರೆಯ ಪುರಾತನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಗಿ ಘೋಷಣೆಯಾಯಿತು.

ಮುಂಗಾರಿಗೆ ಮುಂಚಿನ ಅಶ್ವಿನಿ, ಭರಣಿ, ಕೃತ್ತಿಕಾ ಮಳೆಗಳು ಬೀಳುವುದೂ ಇದೇ ದಿನಗಳಲ್ಲಿ. ಒಂದು ಹದ ಮಳೆಯಾದರೆ ಹೊಲ ಉಳುಮೆಗೆ ಸಿದ್ಧವಾಗುತ್ತದೆ. ಮಣ್ಣನ್ನು ಅಂಗೈಯಲ್ಲಿ ಹಿಡಿದು ಉಂಡೆ ಕಟ್ಟಿ, ತೇವ ಸಾಲದೇ, ಸರಿಯಾಗಿದೆಯೇ, ಹೆಚ್ಚಾಗಿದೆಯೇ ಎಂದು ರೈತರು ನಿರ್ಣಯಿಸುವ ಬಗೆಯನ್ನು ಮಕ್ಕಳು ಅಲ್ಲೇ ಕಲಿಯಬಹುದು. ಉಳುವಾಗ ಮೇಲೆ ಬರುವ ಹುಳಗಳಿಗಾಗಿ ಬೆಳ್ಳಕ್ಕಿ, ಗೊರವಂಕಗಳು ಹಿಂದೆಯೇ ಇಳಿಯುತ್ತವೆ. ಮಳೆಯ ಮರುಸಂಜೆ ರೆಕ್ಕೆ ಮೂಡಿದ ಗೆದ್ದಲು ನೆಲದಿಂದ ಏಳುತ್ತವೆ; ಅವನ್ನು ಹಿಡಿಯಲು ಕಪ್ಪೆ, ಹಲ್ಲಿ, ಹಕ್ಕಿಗಳು ಸೇರುತ್ತವೆ. ಆಹಾರ ಸರಪಳಿಯನ್ನು ವಿವರಿಸಲು ಇದಕ್ಕಿಂತ ಸ್ಪಷ್ಟವಾದ ಪ್ರಯೋಗಾಲಯ ಬೇಕಿಲ್ಲ.

ಈ ಸೀಮೆಯಲ್ಲಿ ರಾಗಿ ಬಿತ್ತನೆ ಮುಂಗಾರು ಕಾಲೂರಿದ ಮೇಲೆ. ಆದರೆ ಬೀಜ ಆರಿಸುವುದು, ಮೊಳಕೆ ಪರೀಕ್ಷೆ ಮಾಡುವುದು ಬೇಸಿಗೆಯಲ್ಲೇ ಆಗಬೇಕಾದ ಕೆಲಸ. ನೂರು ಕಾಳನ್ನು ಒದ್ದೆ ಗೋಣಿಯಲ್ಲಿಟ್ಟು ಎಷ್ಟು ಮೊಳೆತವೆಂದು ಎಣಿಸಿದರೆ ಮಕ್ಕಳಿಗೆ ಶೇಕಡಾವಾರು ಲೆಕ್ಕ ತಾನಾಗಿ ಬರುತ್ತದೆ. ರಾಗಿಯ ನಡುವೆ ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಸಾಸಿವೆ, ಹರಳುಗಳನ್ನು ಅಕ್ಕಡಿ ಸಾಲಾಗಿ ಬಿತ್ತುವ ಪದ್ಧತಿಯನ್ನು ಬೀಜಗಳ ಸಹಾಯದಿಂದ ನೆಲದ ಮೇಲೆ ಜೋಡಿಸಿ ತೋರಿಸಬಹುದು. ದ್ವಿದಳ ಬೆಳೆ ಮಣ್ಣಿಗೆ ಸಾರಜನಕ ಕೊಡುತ್ತದೆ, ಹೂ ಬಿಡುವ ಎಣ್ಣೆಕಾಳಿಗೆ ಜೇನು ಬರುತ್ತದೆ, ಮಳೆ ಕೈಕೊಟ್ಟು ಒಂದು ಬೆಳೆ ಸೋತರೆ ಇನ್ನೊಂದು ಮನೆಯನ್ನು ಕಾಯುತ್ತದೆ. ಬೆಳೆ ವೈವಿಧ್ಯದ ಅರ್ಥ ಇಷ್ಟರಲ್ಲೇ ಮನದಟ್ಟಾಗುತ್ತದೆ.

ರೇಷ್ಮೆ ಮನೆಯಂತೂ ಮಕ್ಕಳು ಗಂಟೆಗಟ್ಟಲೆ ನಿಂತು ನೋಡುವ ಜಾಗ. ಮೊಟ್ಟೆಯೊಡೆದ ಹುಳು ಸುಮಾರು 25 ದಿನಗಳಲ್ಲಿ ನಾಲ್ಕು ಜ್ವರ ದಾಟಿ, ಅಂದರೆ ನಾಲ್ಕು ಸಲ ಪೊರೆ ಕಳಚಿ, ಹಣ್ಣಾಗುತ್ತದೆ. ಹಣ್ಣಾದ ಹುಳುವನ್ನು ಗೂಡು ಕಟ್ಟಿಸುವ ತಟ್ಟೆಯಾದ ಚಂದ್ರಿಕೆಗೆ ಬಿಟ್ಟರೆ ಎರಡು ಮೂರು ದಿನಗಳಲ್ಲಿ ಗೂಡು ಕಟ್ಟಿ ಮುಗಿಸುತ್ತದೆ. ಒಳ್ಳೆಯ ದ್ವಿತಳಿ ಗೂಡಿನಿಂದ ಸುಮಾರು ಸಾವಿರ ಮೀಟರ್ ಉದ್ದದ ನೂಲು ಸಿಗುತ್ತದೆ. ನೂಲು ತೆಗೆಯಲು ಗೂಡನ್ನು ಬಿಸಿನೀರಿಗೆ ಹಾಕುತ್ತಾರೆ, ಒಳಗಿನ ಕೋಶ ಉಳಿಯುವುದಿಲ್ಲ ಎಂಬ ಸತ್ಯವನ್ನೂ ಮಕ್ಕಳಿಂದ ಮುಚ್ಚಿಡಬೇಕಿಲ್ಲ.

ದಿನಚರಿ

ಬೇಸಿಗೆಯಲ್ಲಿ ಹೊಲದ ಕೆಲಸಕ್ಕೆ ಬೆಳಗಿನ ಹೊತ್ತೇ ಸರಿ. ಆರು ಗಂಟೆಗೆ ಹಕ್ಕಿ ವೀಕ್ಷಣೆ, ಬಳಿಕ ಕೊಟ್ಟಿಗೆ ಕೆಲಸ, ಹಾಲು ಕರೆಯುವುದನ್ನು ನೋಡುವುದು, ಗಿಡಗಳಿಗೆ ನೀರು. ಜೀವಾಮೃತ ಎಂಬ ದ್ರವ ಗೊಬ್ಬರದ ತಯಾರಿ ಗುಂಪಿನಲ್ಲಿ ಮಾಡಬಹುದಾದ ಕೆಲಸ: 200 ಲೀಟರ್ ನೀರಿಗೆ 10 ಕಿಲೊ ಸಗಣಿ, 5ರಿಂದ 10 ಲೀಟರ್ ಗಂಜಲ, ತಲಾ 2 ಕಿಲೊ ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ದಿನವೂ ಕದಡುತ್ತಾ ಅದು ಹುದುಗುವ ಬಗೆಯನ್ನು ಗಮನಿಸುವುದೇ ಸೂಕ್ಷ್ಮಜೀವಿಗಳ ಪಾಠ.

ಹನ್ನೊಂದರಿಂದ ಮೂರೂವರೆಯವರೆಗೆ ಬಿಸಿಲಿಗೆ ಬಿಡದೆ ನೆರಳಿನಲ್ಲಿ ಅಡುಗೆ, ಕಥೆ, ಮಣ್ಣಿನ ಗೊಂಬೆ, ಬುಟ್ಟಿ ಹೆಣಿಗೆ, ನಿದ್ದೆ. ಊಟವೂ ಈ ಸೀಮೆಯದೇ ಆಗಿರಬೇಕು: ಮುದ್ದೆ, ಬಸ್ಸಾರು, ಮಜ್ಜಿಗೆ, ಅಂಬಲಿ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಅಣ್ಣೆ, ಕನ್ನೆ, ಹೊನಗೊನ್ನೆಯಂಥ ಬೆರಕೆ ಸೊಪ್ಪನ್ನು ಬದುಗಳಲ್ಲಿ ಗುರುತಿಸಿ ಕೊಯ್ಯುವ ವಿದ್ಯೆ ಹಳ್ಳಿಯ ಹೆಂಗಸರಲ್ಲಿದೆ. ಶಿಬಿರದಲ್ಲಿ ಅವರೇ ಗುರುಗಳಾಗಬೇಕು, ಅವರಿಗೆ ತಕ್ಕ ಸಂಭಾವನೆಯೂ ಸಲ್ಲಬೇಕು. ಸಂಜೆ ಲಗೋರಿ, ಚಿನ್ನಿದಾಂಡು, ಮರಕೋತಿ. ರಾತ್ರಿ ನಕ್ಷತ್ರ ವೀಕ್ಷಣೆ.

ಸುರಕ್ಷತೆ

ತೋಟದಲ್ಲಿ ಮಕ್ಕಳಿಗೆ ಎದುರಾಗುವ ಅತಿ ದೊಡ್ಡ ಅಪಾಯ ನೀರಿನದು. ಕೃಷಿ ಹೊಂಡಗಳಿಗೆ ಹಾಸುವ ಪ್ಲಾಸ್ಟಿಕ್ ಹಾಳೆ ಪಾಚಿಗಟ್ಟಿ ಜಾರುತ್ತದೆ. ಬಿದ್ದವರು, ಈಜು ಬಂದರೂ, ಹತ್ತಿ ಬರುವುದು ಕಷ್ಟ. ಹೊಂಡಕ್ಕೆ ಬೇಲಿ, ಇಳಿಬಿಟ್ಟ ಹಗ್ಗ, ಗಾಳಿ ತುಂಬಿದ ಟ್ಯೂಬು ಇರಲೇಬೇಕು. ತೆರೆದ ಬಾವಿಗೆ ಕಟ್ಟೆ, ಬತ್ತಿದ ಕೊಳವೆ ಬಾವಿಗೆ ಭದ್ರವಾದ ಮುಚ್ಚಳ ಕಡ್ಡಾಯ.

ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕು ವಿಷದ ಹಾವುಗಳ ಪರಿಚಯ ಚಿತ್ರಗಳ ಮೂಲಕ ಮೊದಲ ದಿನವೇ ಆಗಬೇಕು. ಕತ್ತಲಲ್ಲಿ ಟಾರ್ಚು, ಕಾಲಿಗೆ ಮುಚ್ಚಿದ ಪಾದರಕ್ಷೆ, ನೆಲದ ಬದಲು ಮಂಚದ ಮೇಲೆ ಸೊಳ್ಳೆಪರದೆಯೊಳಗೆ ಮಲಗುವುದು ರೂಢಿಯಾಗಬೇಕು. ಹಾವು ಕಚ್ಚಿದರೆ ಗಾಯ ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಕಚ್ಚಿದ ಭಾಗವನ್ನು ಅಲುಗಾಡಿಸದೆ 108ಕ್ಕೆ ಕರೆ ಮಾಡಿ, ವಿಷನಿರೋಧಕ ಔಷಧ ಇರುವ ಆಸ್ಪತ್ರೆಗೆ ಒಯ್ಯಬೇಕು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ಕೀಟನಾಶಕ ಸಿಂಪಡಿಸಿದ ಹೊಲಕ್ಕೆ ಮಕ್ಕಳನ್ನು ಬಿಡಬಾರದು. ಗುಡುಗು ಕೇಳಿದ ಕೂಡಲೇ ಬಯಲು ಬಿಟ್ಟು, ಮರದ ಕೆಳಗೂ ನಿಲ್ಲದೆ, ಕಟ್ಟಡದೊಳಗೆ ಸೇರಬೇಕು.

ಆಯ್ಕೆ ಹೇಗೆ?

ಪೋಷಕರು ಮೊದಲು ಕೇಳಬೇಕಾದ ಪ್ರಶ್ನೆ: ಶಿಬಿರ ಇಲ್ಲದ ದಿನಗಳಲ್ಲಿ ಈ ತೋಟದಲ್ಲಿ ಏನು ನಡೆಯುತ್ತದೆ? ಬೇಸಾಯವೇ ನಡೆಯದ ಜಾಗದಲ್ಲಿ ಟ್ರ್ಯಾಕ್ಟರ್ ಸವಾರಿ, ಕೆಸರಾಟ, ಫೋಟೊಗಳಿಂದಾಚೆ ಹೆಚ್ಚೇನೂ ಸಿಗದು. ಎಷ್ಟು ಮಕ್ಕಳಿಗೆ ಒಬ್ಬ ಹಿರಿಯರು, ರಾತ್ರಿ ಜೊತೆಗಿರುವವರು ಯಾರು, ಅವರ ಹಿನ್ನೆಲೆ ಪರಿಶೀಲನೆಯಾಗಿದೆಯೇ, ಹೆಣ್ಣುಮಕ್ಕಳೊಂದಿಗೆ ಮಹಿಳಾ ಸಿಬ್ಬಂದಿ ಇದ್ದಾರೆಯೇ, ಹತ್ತಿರದ ಆಸ್ಪತ್ರೆ ಎಷ್ಟು ದೂರ, ಶೌಚಾಲಯ ಮತ್ತು ಕುಡಿಯುವ ನೀರು ಹೇಗಿದೆ ಎಂಬುದನ್ನು ಸ್ಥಳಕ್ಕೇ ಹೋಗಿ ನೋಡಿ ತಿಳಿಯಬೇಕು.

ಎಲ್ಲ ಮಕ್ಕಳಿಗೂ

ಈ ಕಲಿಕೆ ಶುಲ್ಕ ಕೊಡಬಲ್ಲ ನಗರದ ಮಕ್ಕಳಿಗಷ್ಟೇ ಮೀಸಲಾಗಬಾರದು. ಪಿಲ್ಲಗುಂಪೆಯಂಥ ಊರುಗಳ ಸರ್ಕಾರಿ ಶಾಲೆಯ ಮಕ್ಕಳಲ್ಲಿ, ಕಾರ್ಖಾನೆ ಕಾರ್ಮಿಕರ ಮಕ್ಕಳಲ್ಲಿ ಅನೇಕರಿಗೆ ಈಗ ಸ್ವಂತ ಹೊಲವಿಲ್ಲ. ಪ್ರತಿ ತಂಡದಲ್ಲಿ ಅವರಿಗೆ ಶುಲ್ಕವಿಲ್ಲದೆ ಜಾಗ ಕೊಟ್ಟರೆ ಹಳ್ಳಿಯ ಮಕ್ಕಳು ತಮಗೆ ಗೊತ್ತಿರುವುದನ್ನು ಕಲಿಸುತ್ತಾರೆ, ನಗರದ ಮಕ್ಕಳು ತಮಗೆ ಗೊತ್ತಿರುವುದನ್ನು ಹಂಚಿಕೊಳ್ಳುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯವರಿಗೆ ಸೂಚಿಸಿರುವ ಹತ್ತು ‘ಬ್ಯಾಗ್‌ರಹಿತ ದಿನ’ಗಳನ್ನು ಊರಿನ ತೋಟಗಳಲ್ಲೇ ಕಳೆಯಲು ಶಾಲೆಗಳಿಗೆ ಅವಕಾಶವಿದೆ. ಮೇ ತಿಂಗಳಲ್ಲಿ ಬೀಜ ಆರಿಸಿದ ತಂಡ ಮುಂಗಾರಿನಲ್ಲಿ ಬಿತ್ತನೆಗೆ, ನವೆಂಬರ್–ಡಿಸೆಂಬರ್‌ನಲ್ಲಿ ರಾಗಿ ಕೊಯ್ಲಿಗೆ ಅದೇ ಹೊಲಕ್ಕೆ ಮತ್ತೆ ಬರುವಂತಾದರೆ, ಬೇಸಿಗೆಯ ಕೆಲವು ದಿನಗಳ ಶಿಬಿರ ವರ್ಷಪೂರ್ತಿಯ ಕಲಿಕೆಯಾಗಿ ಬೆಳೆಯುತ್ತದೆ.