ಬೇಗ ಬೇಯುವ ಕೈಮಾ ಸಾರು

ಸಣ್ಣಗೆ ಕೊಚ್ಚಿದ ಮಾಂಸವೇ ಕೈಮಾ. ಕುರಿಯದಾಗಲಿ, ಎಮ್ಮೆಯದಾಗಲಿ, ತುಂಡು ಮಾಂಸಕ್ಕಿಂತ ಬೇಗ ಬೇಯುತ್ತೆ. ಸೌದೆಯೂ ಉಳಿಯುತ್ತೆ.

ಅರ್ಧ ಕಿಲೋ ಕೈಮಾ ತನ್ನಿ. 2 ಈರುಳ್ಳಿ ಹೆಚ್ಚಿ, ಎಣ್ಣೆಯಲ್ಲಿ ಬಾಡಿಸಿ. ಶುಂಠಿ, ಬೆಳ್ಳುಳ್ಳಿ, ಚಕ್ಕೆ, ಲವಂಗ ಅರೆದು ಹಾಕಿ. ಕೈಮಾ ಹಾಕಿ, ಕೆಂಪು ಹೋಗುವವರೆಗೆ ಹುರಿಯಿರಿ. ನಮ್ಮ ಕೋಲಾರದ ಟೊಮೇಟೊ 2, ಖಾರದ ಪುಡಿ, ಧನಿಯಾ ಪುಡಿ, ಅರಿಶಿನ, ಉಪ್ಪು, ನೀರು ಸೇರಿಸಿ. ಅರ್ಧ ಗಂಟೆ ಕುದಿಸಿ. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆಯನ್ನೂ ಹಾಕಿ. ಮನೆಮಂದಿಗೆಲ್ಲ ಸಾಲುತ್ತೆ.

ಒಂದು ಮಾತು ನೆನಪಿಡಿ. ಮಾಂಸದ ಮೇಲಿರೋ ರೋಗಾಣು ಕೊಚ್ಚುವಾಗ ಒಳಗೆಲ್ಲ ಬೆರೆಯುತ್ತೆ. ಅದಕ್ಕೇ ಕೈಮಾ ಬೇಗ ಕೆಡುತ್ತೆ. ತಂದ ದಿನವೇ ಚೆನ್ನಾಗಿ ಬೇಯಿಸಿ. ಹಸಿ ಮಾಂಸ ಮುಟ್ಟಿದ ಕೈ, ಚಾಕು ಸೋಪಿನಲ್ಲಿ ತೊಳೆಯಿರಿ.

ಬಿಸಿ ಮುದ್ದೆ ಜೊತೆ ಎಲ್ಲರೂ ಕೂಡಿ ಉಣ್ಣಿ. ಅಡಿಗೆ ಮಾಡಿದಾಕೆಗೂ ಸಮಪಾಲು ಇರಲಿ.